ಬರ್ಫಿಯ ಮೇಲಿನ ಬೆಳ್ಳಿ ರೇಕು ನೈವೇದ್ಯಕ್ಕೆ ಬರುತ್ತದೆಯೇ?

ಪ್ರಶ್ನೆ: ಕಳೆದ ವರ್ಷ ವರಮಹಾಲಕ್ಷ್ಮಿ ವ್ರತಕ್ಕೆ ಮನೆಯಲ್ಲೇ ಮಡಿಯಲ್ಲಿ ಕೊಬ್ಬರಿ ಬರ್ಫಿ ಮಾಡಿದ್ದೆ. ಹತ್ತು ವರ್ಷದ ಮಗಳು ಆಸೆಪಟ್ಟು ಅದರ ಮೇಲೆ ಅಂಗಡಿಯಿಂದ ತಂದ ಬೆಳ್ಳಿ ರೇಕು ಅಂಟಿಸಿ, ಪ್ಯಾಕೆಟ್ಟಿನ ಬಣ್ಣದ ಸಕ್ಕರೆ ಕಾಳು ಉದುರಿಸಿದಳು. ನಮ್ಮ ಅತ್ತೆಯವರು "ಅಂಗಡಿ ಪದಾರ್ಥ ತಗುಲಿತು, ಇನ್ನು ದೇವರಿಗೆ ಬರಲ್ಲ" ಎಂದು ಇಡೀ ತಟ್ಟೆಯನ್ನು ಎತ್ತಿ ಒಳಗಿಟ್ಟರು. ಮಗಳು ಅತ್ತು ಆರತಿಗೂ ಬರಲಿಲ್ಲ. ಆಮೇಲೆ ಯಾವ ಹಬ್ಬಕ್ಕೂ ಅಡಿಗೆಮನೆಗೆ ಬರುತ್ತಿರಲಿಲ್ಲ. ಈಗ ಗೋಕುಲಾಷ್ಟಮಿಗೆ ಮೊಟ್ಟೆಯಿಲ್ಲದ ಕೇಕ್ ಮಾಡಿ, ಅದರ ಮೇಲೆ ತಿನ್ನುವ ಹಾಳೆಯಲ್ಲಿ ಅಚ್ಚು ಹಾಕಿದ ಕೃಷ್ಣನ ಚಿತ್ರ ಇಡುತ್ತೇನೆ ಅನ್ನುತ್ತಿದ್ದಾಳೆ. ವ್ರತಕ್ಕೆ ಭಂಗ ಬಂದಿದೆಯೇ? ಪರಿಹಾರವೇನು? ಮಗಳ ಜಾತಕ ಲಗತ್ತಿಸಿದ್ದೇನೆ.
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ವ್ರತಕ್ಕೆ ಯಾವ ಭಂಗವೂ ಬಂದಿಲ್ಲ. ಕಲಶ ಇಟ್ಟಿದ್ದೀರಿ, ಪೂಜೆ ಮಾಡಿ ದಾರ ಕಟ್ಟಿಕೊಂಡಿದ್ದೀರಿ, ಹಣ್ಣುಕಾಯಿ, ಮಿಕ್ಕ ಭಕ್ಷ್ಯಗಳ ನಿವೇದನೆಯೂ ಆಗಿರುತ್ತದೆ. ಅಷ್ಟರಲ್ಲಿ ಒಂದು ತಟ್ಟೆ ಒಳಗೆ ಹೋದರೆ ವ್ರತ ಕೆಡುವುದಿಲ್ಲ. ಶಾಂತಿ, ದಾನ, ಜಪ ಏನೂ ಬೇಡ. ಜಾತಕವನ್ನು ನಾನು ತೆರೆದೂ ನೋಡಿಲ್ಲ. ಬರ್ಫಿಯ ವಿಚಾರಕ್ಕೆ ಯಾವ ಗ್ರಹವೂ ಮುನಿಸಿಕೊಳ್ಳಲ್ಲ.

ಇನ್ನು "ಅಂಗಡಿ ಪದಾರ್ಥ" ಅನ್ನುವ ಮಾತು. ಸಂಕ್ರಾಂತಿಗೆ ನಾವು ಸಕ್ಕರೆ ಅಚ್ಚು ಎಲ್ಲಿಂದ ತರುತ್ತೇವೆ? ಈಗ ಹೆಚ್ಚು ಮನೆಗಳಲ್ಲಿ ಅಂಗಡಿಯಿಂದಲೇ. ಬತ್ತಾಸು, ಕಲ್ಲುಸಕ್ಕರೆ, ಪುರಿ, ಹುರಿಗಡಲೆ ಎಲ್ಲವೂ ಅಂಗಡಿಯದೇ. ಯಾರ ಮನೆಯಲ್ಲೂ ಇದಕ್ಕೆ ಜಗಳ ಆದದ್ದು ನಾನು ಕಂಡಿಲ್ಲ. ನಮ್ಮ ಹಿರಿಯರು ನೋಡುತ್ತಿದ್ದುದು ಬೇರೆ. ನೀರಿನಲ್ಲಿ ಬೆಂದ ಅನ್ನ, ಹುಳಿ, ಸಾರು ಮುಸುರೆ. ಅದನ್ನು ಯಾರು, ಎಲ್ಲಿ, ಹೇಗೆ ಮಾಡಿದರು ಎಂಬ ವಿಚಾರ ಬರುತ್ತದೆ. ಸಕ್ಕರೆ, ಬೆಲ್ಲ, ತುಪ್ಪ, ಹಾಲು, ದ್ರಾಕ್ಷಿ ಗೋಡಂಬಿಗೆ ಆ ಕಟ್ಟು ಇಲ್ಲ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಪೇಟೆಯ ಕಲ್ಲುಸಕ್ಕರೆಯನ್ನೇ ದಿನವೂ ನಿವೇದಿಸುತ್ತಿದ್ದರು. ಆದರೆ ಅದರೊಳಗಿನ ದಾರವನ್ನು ಒಡೆದು ತೆಗೆಯದೆ ಬಟ್ಟಲಿಗೆ ಹಾಕಲು ಬಿಡುತ್ತಿರಲಿಲ್ಲ. ಎಲ್ಲಿಂದ ಬಂತು ಅಂತ ಕೇಳಲಿಲ್ಲ, ಒಳಗೆ ಏನಿದೆ ಅಂತ ಕೇಳಿದರು. ನಿಮ್ಮ ಪ್ರಶ್ನೆಗೂ ಇದೇ ಅಳತೆ.

ಹಾಗಾದರೆ ಅತ್ತೆಯವರು ಮಾಡಿದ್ದು ತಪ್ಪೇ? ಪೂರ್ತಿ ಅಲ್ಲ. ಅವರು ಕೊಟ್ಟ ಕಾರಣ ಸರಿಯಲ್ಲ, ಆದರೆ ಬೆಳ್ಳಿ ರೇಕಿನ ಮಟ್ಟಿಗೆ ಅವರ ಅನುಮಾನ ಸರಿ. ಬೆಳ್ಳಿ ಶುದ್ಧ ಲೋಹ, ಅದರಲ್ಲಿ ಎರಡು ಮಾತಿಲ್ಲ. ದೋಷ ಇರುವುದು ಅದನ್ನು ರೇಕಾಗಿಸುವ ರೀತಿಯಲ್ಲಿ. ಹಳೆಯ ಪದ್ಧತಿಯಲ್ಲಿ ಬೆಳ್ಳಿಯ ಚೂರುಗಳನ್ನು ಪ್ರಾಣಿಯ ಕರುಳಿನ ಅಥವಾ ಚರ್ಮದ ಪೊರೆಗಳ ನಡುವೆ ಪುಸ್ತಕದ ಹಾಳೆಯಂತೆ ಜೋಡಿಸಿ, ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಇದು ಗೊತ್ತಿಲ್ಲದೆ ನಾನೇ ಎಷ್ಟೋ ಗೃಹಪ್ರವೇಶಗಳಲ್ಲಿ ರೇಕು ಹಚ್ಚಿದ ಪೇಡ, ಬರ್ಫಿಯನ್ನು ನಿವೇದಿಸಿ, ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು ತಿಂದವನು. ಒಬ್ಬ ಮಿಠಾಯಿಯವನೇ ಒಂದು ದಿನ "ಸ್ವಾಮಿ, ನೀವು ತಿನ್ನಬೇಡಿ" ಅಂತ ಪಕ್ಕಕ್ಕೆ ಕರೆದು ಹೇಳಿದ. ಈಗ ಯಂತ್ರದಲ್ಲಿ, ಪ್ರಾಣಿಜನ್ಯವಲ್ಲದ ಹಾಳೆಗಳ ನಡುವೆ ಮಾಡಿದ ರೇಕೂ ಸಿಗುತ್ತದೆ. ಅದು ಅಂಥದ್ದು ಎಂದು ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ ಬಳಸಿ. ಬರೆದಿಲ್ಲ ಅಂದರೆ ದೇವರ ತಟ್ಟೆಗೆ ಬೇಡ. ಕೆಲವೆಡೆ ಬೆಳ್ಳಿಯ ಹೆಸರಿನಲ್ಲಿ ಅಲ್ಯೂಮಿನಿಯಂ ಮಾರುತ್ತಾರೆ. ಬೆರಳ ನಡುವೆ ಉಜ್ಜಿದರೆ ನಿಜವಾದ ರೇಕು ಪುಡಿಯಾಗಿ ಮಾಯವಾಗುತ್ತದೆ, ಅಲ್ಯೂಮಿನಿಯಂ ಚೂರು ಚೂರಾಗಿ ಉಳಿಯುತ್ತದೆ.

ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗ ವಾದ ಹೂಡಿದ: "ಕೃಷ್ಣಾಜಿನವೂ ಚರ್ಮವೇ ಅಲ್ಲವೇ, ದೇವಸ್ಥಾನದ ನಗಾರಿಯೂ ಚರ್ಮದ್ದೇ ಅಲ್ಲವೇ?" ಹೌದಪ್ಪ, ಆದರೆ ನಗಾರಿಯನ್ನು ಯಾರೂ ನೈವೇದ್ಯ ಮಾಡಿ ತಿನ್ನುವುದಿಲ್ಲ, ಅಂದೆ.

ಬಣ್ಣದ ಸಕ್ಕರೆ ಕಾಳಿನ ವಿಷಯ ಇಷ್ಟು ಕಠಿಣವಲ್ಲ. ಅದರಲ್ಲಿ ಬಹುಪಾಲು ಸಕ್ಕರೆ, ಜೋಳದ ಪಿಷ್ಟ, ಬಣ್ಣ. ನಮ್ಮ ದೇಶದ ಪ್ಯಾಕೆಟ್ ಆದರೆ ಚೌಕದೊಳಗಿನ ಹಸಿರು ಚುಕ್ಕೆ ನೋಡಿ. ಆದರೆ ಅಮೆರಿಕಾದಿಂದ ಮೈದುನ ತಂದದ್ದು, ಬೇಕಿಂಗ್ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಟ್ಟದ್ದು, ಇವುಗಳಲ್ಲಿ ಆ ಗುರುತು ಇಲ್ಲದಿರಬಹುದು. ಆಗ ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಜೆಲಟಿನ್ ಅಂತಿದ್ದರೆ ಅದು ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದದ್ದು. ಕಾರ್ಮೈನ್ ಅಥವಾ 120 ಎಂಬ ಸಂಖ್ಯೆ ಇದ್ದರೆ ಆ ಕೆಂಪು ಬಣ್ಣ ಕಳ್ಳಿಗಿಡದ ಮೇಲೆ ಬದುಕುವ ಒಂದು ಹುಳುವನ್ನು ಒಣಗಿಸಿ ತೆಗೆದದ್ದು. ಎರಡೂ ನೈವೇದ್ಯಕ್ಕೆ ಸಲ್ಲದು. ಸಕ್ಕರೆ ಹೂಗಳಲ್ಲಿ ಮೊಟ್ಟೆಯ ಬಿಳಿ ಇರುವುದುಂಟು, ಅದನ್ನೂ ನೋಡಿ. 904 ಅಂದರೆ ಅರಗು, ಹೊಳಪಿಗೆ ಹಾಕುತ್ತಾರೆ. ಇದೂ ಕೀಟದಿಂದ ಬಂದದ್ದೇ, ಆದರೆ ಜೇನಿನ ಹಾಗೆ ಕೀಟ ಹೊರಗೆ ಸ್ರವಿಸಿದ್ದು, ಕೀಟದ ದೇಹವಲ್ಲ. ಜೇನುತುಪ್ಪ ಪಂಚಾಮೃತದಲ್ಲೇ ಇದೆ. ಅರಗನ್ನು ನಾನು ನಿಷೇಧಿಸಲಾರೆ, ಬೇಡ ಅನ್ನಿಸಿದವರು ಬಿಡಬಹುದು. ಟೂಟಿ ಫ್ರೂಟಿ ಪರಂಗಿಕಾಯಿಯಿಂದ ಆಗುತ್ತದೆ, ತೊಂದರೆಯಿಲ್ಲ. ಮಿನುಗುವ ಪುಡಿಗಳ ಡಬ್ಬಿಯ ಮೇಲೆ "ಅಲಂಕಾರಕ್ಕೆ ಮಾತ್ರ" ಎಂದಿದ್ದರೆ ಅದು ತಿನ್ನುವ ವಸ್ತುವೇ ಅಲ್ಲ. ದೇವರಿಗೂ ಬೇಡ, ಮಕ್ಕಳಿಗೂ ಬೇಡ.

ಇನ್ನೊಂದು ಸಂಗತಿ, ನೀವು ಬರೆದಿಲ್ಲ, ನಾನು ಊಹಿಸುತ್ತೇನೆ. ಸಕ್ಕರೆ ಕಾಳು ಉದುರಿಸುವ ಮಗು ಒಂದೆರಡು ಕಾಳು ಬಾಯಿಗೂ ಹಾಕಿಕೊಂಡಿರುತ್ತದೆ, ಬೆರಳು ನೆಕ್ಕಿರುತ್ತದೆ. ಅದಕ್ಕೆ ಮಗುವನ್ನು ಗದರಬಾರದು. ಆದರೆ ಎಂಜಲು ಎಂಜಲೇ, ಅಂಗಡಿ ಪದಾರ್ಥಕ್ಕಿಂತ ನೈವೇದ್ಯಕ್ಕೆ ಅದು ದೊಡ್ಡ ಅಡ್ಡಿ. ದೇವರ ಪಾಲನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ. ಅದರ ಅಲಂಕಾರವನ್ನೂ ಮಗಳ ಕೈಯಲ್ಲೇ ಮಾಡಿಸಿ, ಸ್ನಾನವಾದ ಮೇಲೆ, ತಿಂಡಿ ತಿಂದು ಹೊಟ್ಟೆ ತುಂಬಿದ ಮೇಲೆ. ಹಸಿದ ಮಗುವಿನ ಮುಂದೆ ಸಿಹಿ ಇಟ್ಟು ಮುಟ್ಟಬೇಡ ಅನ್ನುವುದು ನ್ಯಾಯವಲ್ಲ. ಕೇಸರಿ ನೆನೆಸಿದ ಹಾಲಿನ ಬೊಟ್ಟು, ಸೀಳಿದ ಬಾದಾಮಿ, ಬೀಟ್‌ರೂಟ್ ರಸದಲ್ಲಿ ಅದ್ದಿ ಒಣಗಿಸಿದ ಕೊಬ್ಬರಿ ತುರಿ, ಒಂದೊಂದು ಲವಂಗ ಕೊಡಿ. ಅವಳು ನಮಗಿಂತ ಚೆನ್ನಾಗಿ ಜೋಡಿಸುತ್ತಾಳೆ. ಕೊನೆಗೆ ಮೇಲೊಂದು ತುಲಸಿದಳ, ಗಣಪತಿಗಾದರೆ ಗರಿಕೆ.

ಕೇಕ್ ಮೇಲಿನ ಕೃಷ್ಣನ ಚಿತ್ರಕ್ಕೆ ನಾನು ಒಪ್ಪುವುದಿಲ್ಲ. ಕೇಕ್ ಬೇಡ ಅಂತಲ್ಲ. ಮೊಟ್ಟೆಯಿಲ್ಲದ್ದು, ಮನೆಯದು, ಚಕ್ಕುಲಿ ಉಂಡೆಗಳ ಜೊತೆ ಅದೂ ಇರಲಿ. ಆ ಹಾಳೆಯೂ ಸಾಮಾನ್ಯವಾಗಿ ಪಿಷ್ಟದ್ದೇ. ಆದರೆ ಚಿತ್ರ ಇಟ್ಟ ಮೇಲೆ ಚಾಕು ಹಾಕಬೇಕಲ್ಲ? ಮುಖದ ಮೇಲೆ ಹಾಕುತ್ತೀರೋ, ಪಾದದ ಮೇಲೋ? ಅರಿಸಿನದ ಗಣಪನನ್ನೂ ನಾವು ನೀರಿಗೆ ಬಿಡುತ್ತೇವೆ, ಕತ್ತರಿಸುವುದಿಲ್ಲ. ಮಗಳಿಗೆ ಇದನ್ನು ಹೀಗೇ ಕೇಳಿ, ಬೇಡ ಅಂತ ಅವಳೇ ಹೇಳುತ್ತಾಳೆ. ಬದಲಿಗೆ ಕೊಳಲು, ನವಿಲುಗರಿ, ಬೆಣ್ಣೆ ಗಡಿಗೆ, ಬಾಗಿಲಿನಿಂದ ದೇವರಮನೆವರೆಗೆ ಬಿಡಿಸುವ ಹೆಜ್ಜೆಗಳಂಥ ಪುಟ್ಟ ಹೆಜ್ಜೆಯನ್ನು ಬಾದಾಮಿ ಚೂರಿನಲ್ಲಿ ಮಾಡಲಿ. ಹೆಜ್ಜೆಯನ್ನು ಕತ್ತರಿಸದೆ ಇಡಿಯಾಗಿ ಎತ್ತಿಕೊಡುವಷ್ಟು ಸಣ್ಣದಾಗಿರಲಿ.

ಅತ್ತೆಯವರಿಗೂ ಈ ಉತ್ತರವನ್ನು ಓದಿ ಹೇಳಿ, ರೇಕಿನ ಭಾಗವನ್ನು ಮೊದಲು ಓದಿ. ಆಮೇಲೆ ಅವರನ್ನು ಒಂದು ಮಾತು ಕೇಳಿ: ಕುಸುರೆಳ್ಳು ಮಾಡಲು ಬರುತ್ತದೆಯೇ? ಆ ವಯಸ್ಸಿನವರಿಗೆ ಬರುವ ಸಾಧ್ಯತೆ ಹೆಚ್ಚು. ಅಗಲವಾದ ತಟ್ಟೆಯಲ್ಲಿ ಎಳ್ಳು, ಅಡಿಯಲ್ಲಿ ಸಣ್ಣ ಕೆಂಡ, ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಟ್ಟು ಬೆರಳ ತುದಿಯಲ್ಲಿ ಆಡಿಸುತ್ತಾ ಕೂತರೆ ಒಂದೊಂದು ಕಾಳಿಗೂ ಮುಳ್ಳು ಮುಳ್ಳಾಗಿ ಸಕ್ಕರೆ ಕಟ್ಟುತ್ತದೆ. ಪಾಕಕ್ಕೆ ಕೇಸರಿ ಹಾಕಿದರೆ ಹಳದಿ, ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ. ನಿಮ್ಮ ಮಗಳು ಪ್ಯಾಕೆಟ್ಟಿನಿಂದ ಉದುರಿಸಿದ್ದು ಇದರದ್ದೇ ತಮ್ಮ. ಸಂಕ್ರಾಂತಿ ಬರುವ ತನಕ ಕಾಯಬೇಕಿಲ್ಲ, ಅಷ್ಟಮಿಗೆ ಹದಿನೈದು ದಿನ ಇರುವಾಗ ಅಜ್ಜಿ ಮೊಮ್ಮಗಳನ್ನು ಒಲೆ ಮುಂದೆ ಕೂರಿಸಿ. ಮೊದಲ ಸಲ ಪಾಕ ಗಂಟಾಗುತ್ತದೆ, ಆಗಲಿ. ಒಂದು ಹಿಡಿ ಸರಿಯಾಗಿ ಬಂದರೆ ಕೃಷ್ಣನ ಬಟ್ಟಲಿಗೆ ಸಾಕು, ಗಂಟಾದದ್ದನ್ನು ನೀವು ತಿನ್ನಿ.