ದೊಡ್ಡೋಳಾದ್ಲು ಅಂದ್ರೆ

ನಮ್ಮ ಹೊಸದುರ್ಗದ ಕಡೆ ಹುಡುಗಿ ಮೈನೆರೆದರೆ 'ದೊಡ್ಡೋಳಾದ್ಲು' ಅಂತಾರೆ. ಹುಡುಗ ಯಾವತ್ತು ದೊಡ್ಡೋನಾದ ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಮೀಸೆ ಬಂತು, ಎಸ್ಸೆಸ್ಸೆಲ್ಸಿ ಆಯ್ತು, ಬೈಕ್ ಬಂತು, ಅಷ್ಟೆ. (ಜನಿವಾರ ಹಾಕೋರ ಮಾತು ಬೇರೆ. ಅದೂ ಈಗ ಎಷ್ಟೋ ಮನೆಗಳಲ್ಲಿ ಮದುವೆಯ ಹಿಂದಿನ ದಿನಕ್ಕೆ ಬಂದು ನಿಂತಿದೆ.)

ದಕ್ಷಿಣ ಆಫ್ರಿಕಾದ ಕೋಸಾ ಜನರಲ್ಲಿ ಹುಡುಗರನ್ನು ಊರಾಚೆ ಗುಡಿಸಲಲ್ಲಿ ಇಟ್ಟು, ಸುನ್ನತಿ ಮಾಡಿ, ಗಾಯ ಮಾಯುವವರೆಗೂ ಹಿರಿಯರು ಬುದ್ಧಿ ಹೇಳ್ತಾರೆ. ಕೊನೆಗೆ ಆ ಗುಡಿಸಲನ್ನೇ ಸುಡ್ತಾರೆ. ನೆಲ್ಸನ್ ಮಂಡೇಲಾ 1934ರಲ್ಲಿ, ತಮ್ಮ 16ನೇ ವಯಸ್ಸಿನಲ್ಲಿ ಇದನ್ನು ದಾಟಿ ಬಂದವರು. ಸೋಂಕು ತಗುಲಿ ಇವತ್ತಿಗೂ ಹುಡುಗರು ಸಾಯ್ತಾರೆ, ಅದನ್ನು ಮುಚ್ಚಿಡೋದು ಬೇಡ. ಆದರೆ ಬದುಕಿ ಬಂದವನಿಗೆ ಹಿರಿಯರ ಕೂಟದಲ್ಲಿ ಮಾತಾಡುವ ಹಕ್ಕು ಸಿಗುತ್ತೆ.

ನಮ್ಮಲ್ಲೂ ಗುಡ್ಲು ಇದೆ. ಸೋದರಮಾವ ಹಸಿರು ಸೊಪ್ಪು, ತೆಂಗಿನ ಗರಿ ತಂದು ಹಾಕಬೇಕು. ಚಿಗಳಿ, ಕೊಬ್ಬರಿ ಬೆಲ್ಲ, ಸಂಜೆ ಆರತಿ, ಹೊಸ ಸೀರೆ. ಆಮೇಲೆ? ಸೈಕಲ್ ನಿಲ್ಲುತ್ತೆ, ಬೀದಿಯ ಆಟ ನಿಲ್ಲುತ್ತೆ. ಅಲ್ಲಿ ದೊಡ್ಡೋನಾದವನಿಗೆ ಬಾಗಿಲು ತೆರೆಯುತ್ತೆ, ಇಲ್ಲಿ ದೊಡ್ಡೋಳಾದವಳಿಗೆ ಮುಚ್ಚುತ್ತೆ. ಗುಡ್ಲು ಹಾಕೋಕೆ ಮಾವನೇ ಯಾಕೆ ಅಂತ ಯೋಚಿಸಿದ್ರೆ ನಂಗೆ ಮುಜುಗರ ಆಗುತ್ತೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡೋ ಸೀಮೆ ನಮ್ಮದು. 1955ರ ಹಿಂದೂ ವಿವಾಹ ಕಾಯ್ದೆಯೂ ರೂಢಿ ಇದ್ದರೆ ಇದಕ್ಕೆ ಅಡ್ಡ ಬರಲ್ಲ. ಅಂದ್ರೆ ಒಸಗೆ ಅನ್ನೋದು 'ಮನೇಲಿ ಹೆಣ್ಣಿದೆ' ಅಂತ ಊರಿಗೆ ಸಾರೋ ಡಂಗುರವೂ ಆಗಿತ್ತು.

ಹಿರಿಯೂರು, ಚಿತ್ರದುರ್ಗದ ಕಡೆ ಕಾಡುಗೊಲ್ಲರ ಹಟ್ಟಿಗಳಲ್ಲಿ ಇದು ಒಂದು ಸಲಕ್ಕೆ ಮುಗಿಯಲ್ಲ. ಮುಟ್ಟಾದಾಗ, ಹೆರಿಗೆಯಾದಾಗ ಹೆಂಗಸರನ್ನು ಹಟ್ಟಿಯಿಂದ ಹೊರಗಿಡೋ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಗುಡಿಸಲಲ್ಲಿಟ್ಟಿದ್ದ ಬಾಣಂತಿಯ ಹಸುಗೂಸು ತೀರಿಹೋಯ್ತು. 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಇದು ಅಪರಾಧ. ಇನ್ನೊಂದು ಕಡೆ ಸರ್ಕಾರವೇ ಹಟ್ಟಿಗಳ ಹತ್ರ 'ಕೃಷ್ಣ ಕುಟೀರ' ಕಟ್ಟಿಸಿದೆ. ಗೋಡೆ ಸಿಮೆಂಟಿನದಾದ್ರೆ ಹೊರಗಿರೋದು ಒಳಗಿದ್ದಂಗೆ ಆಗುತ್ತಾ?

ಇಷ್ಟೆಲ್ಲಾ ಗೊತ್ತಿದ್ದೂ ಪೂರ್ತಿ ಬೇಡ ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ. ನನ್ನ ಅಕ್ಕನ ಮಗಳು ಮೈನೆರೆದಿದ್ದಾಳೆ. "ಗುಡ್ಲು ನೀನೇ ಹಾಕ್ಬೇಕು ಕಣೋ" ಅಂತ ಅಕ್ಕನ ಫೋನು. ಅವಳಿಗೆ ಇದು ತವರಿನವರು ಬಾಗಿಲಿಗೆ ಬರೋ ದಿನ. ಯಾರೂ ಹೋಗದಿದ್ರೆ ಓಣಿಯವರ ಮುಂದೆ ತಲೆ ತಗ್ಗಿಸೋಳು ಅವಳೇ, ಬೆಂಗಳೂರಲ್ಲಿ ಕೂತ ನಾನಲ್ಲ. ಅಜ್ಜಿಯರು ಸುತ್ತ ಕೂತು ಹೊಟ್ಟೆನೋವಿನ ಬಗ್ಗೆ, ಬಟ್ಟೆಯ ಬಗ್ಗೆ ಬಿಚ್ಚಿ ಮಾತಾಡೋದೂ ಆವತ್ತೇ.

"ಸೀರೆ ತಗೊಂಡು ಬರ್ತೀನಿ, ಗುಡ್ಲು ಬೇಡ, ಸರ್ಕಲ್ಲಲ್ಲಿ ಫ್ಲೆಕ್ಸ್ ಬೇಡ. ಮೊದಲು ಅವಳನ್ನ ಕೇಳು" ಅಂದೆ.

"ಅವಳನ್ನೇನು ಕೇಳೋದು, ಇನ್ನೂ ಚಿಕ್ಕ ಹುಡುಗಿ" ಅಂದ್ಲು ಅಕ್ಕ.

ಫೋನು ಹುಡುಗಿ ಕೈಗೆ ಕೊಡಿಸಿ ನಾನೇ ಕೇಳಿದೆ. ಸೀರೆ ಬೇಕಂತೆ, ಹೋಳಿಗೆ ಬೇಕಂತೆ, ಫ್ಲೆಕ್ಸ್ ಬೇಡವಂತೆ, ಸೈಕಲ್ ಬಿಡಲ್ವಂತೆ. ಗುಡ್ಲಿನ ಬಗ್ಗೆ ಅಕ್ಕನ ಹತ್ರ ಇನ್ನೂ ಮಾತು ನಡೀತಿದೆ.