ನೆಲವನ್ನೇ ನೋಡುವ ಕಣ್ಣುಗಳು



ಹದಿನೆಂಟು ವರ್ಷ ಬೆನ್ನು ಬಗ್ಗಿಹೋಗಿ, ತಲೆಯೆತ್ತಲಾಗದೆ ಬದುಕಿದ ಮಹಿಳೆಯೊಬ್ಬಳನ್ನು ಸಂತ ಲೂಕರು ತಮ್ಮ ಶುಭಸಂದೇಶದ 13ನೇ ಅಧ್ಯಾಯದಲ್ಲಿ ನಮ್ಮ ಮುಂದೆ ನಿಲ್ಲಿಸುತ್ತಾರೆ. ಬೇರೆ ಊರಿನವರು ಓದಿದರೆ ಅದು ಎರಡು ಸಾವಿರ ವರ್ಷದ ಹಿಂದಿನ ಘಟನೆ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಹಳ್ಳಿಗಳವರು ಓದಿದರೆ ಪಕ್ಕದ ಮನೆಯ ಅಜ್ಜಿಯ ನೆನಪಾಗುತ್ತದೆ.

ನಮ್ಮ ಸೀಮೆಯ ಈ ಕಾಯಿಲೆಯ ಹೆಸರು ಫ್ಲೋರೋಸಿಸ್. ಮಳೆ ಕಡಿಮೆಯಾಯಿತು, ಕೆರೆ ಬತ್ತಿತು, ಕೊಳವೆಬಾವಿ ಆಳಕ್ಕಿಳಿಯಿತು. ಬಂಡೆಯೊಳಗಿನ ಫ್ಲೋರೈಡ್ ನೀರಿನೊಡನೆ ಮೇಲೆ ಬಂದಿತು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಬಾವಿಗಳು ಆ ಮಿತಿಯನ್ನು ದಾಟಿವೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಮೊದಲು ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಮೂಡುತ್ತದೆ. ವರ್ಷಗಳು ಉರುಳಿದಂತೆ ಸೊಂಟ, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವಿರಾ, ಗದ್ದ ಎದೆಗೆ ತಾಗುತ್ತದೆಯೇ, ಕೈ ಮಡಚಿ ತಲೆಯ ಹಿಂಭಾಗ ಮುಟ್ಟಲಾಗುತ್ತದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಭಾರತದಲ್ಲಿ ಈ ಕಾಯಿಲೆ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ವರದಿಯಾಯಿತು. ಒಮ್ಮೆ ಮೂಳೆಗಿಳಿದ ಮೇಲೆ ಅದನ್ನು ಪೂರ್ತಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ.

ಬಲಿಪೂಜೆಯ ನಂತರ ವೃದ್ಧರೊಬ್ಬರು ಕೋಲೂರಿ ನನ್ನ ಬಳಿ ಬಂದರು. "ಸ್ವಾಮಿ, ನೀವು ಸತ್ಪ್ರಸಾದ ಎತ್ತಿದಾಗ ಎಲ್ರೂ ತಲೆಯೆತ್ತಿ ನೋಡ್ತಾರೆ. ನನ್ ಕಣ್ಣಿಗೆ ನೆಲ ಬಿಟ್ಟು ಬೇರೇನೂ ಕಾಣ್ಸಲ್ಲ" ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, "ಈ ಕೂಸಾದ್ರೂ ನೆಟ್ಟಗೆ ನಿಂತ್ಕೊಳ್ಳೋ ಹಂಗೆ ಮಾಡಿ" ಎಂದರು. ಮಗು ನಕ್ಕಿತು. ಅದರ ಹಲ್ಲಿನಲ್ಲಿ ಆಗಲೇ ಕಂದು ಗೆರೆಯಿತ್ತು.

ಅಂದು ನನಗೆ ನಾಚಿಕೆಯಾಯಿತು. ಗುರುನಿವಾಸದಲ್ಲಿ ನಾನು ಕುಡಿಯುತ್ತಿದ್ದುದು ಕ್ಯಾನಿನಲ್ಲಿ ತಂದ ಶುದ್ಧ ನೀರು. ದೇವಾಲಯದ ಅಂಗಳದ ನಲ್ಲಿಯಲ್ಲಿ ಜನರಿಗೆ ಬರುತ್ತಿದ್ದುದು ಕೊಳವೆಬಾವಿಯ ನೀರು. ಬಲಿಪೀಠದಲ್ಲಿ ಒಂದೇ ರೊಟ್ಟಿಯನ್ನು ಮುರಿಯುವ ನಾನು ಅಂಗಳದಲ್ಲಿ ಎರಡು ಬಗೆಯ ನೀರಿಟ್ಟಿದ್ದೆ!

ಈಗ ಶುಭಸಂದೇಶವನ್ನು ಮತ್ತೆ ಓದಿ. ಆ ಮಹಿಳೆ ಏನನ್ನೂ ಬೇಡಲಿಲ್ಲ. ಯೇಸುಸ್ವಾಮಿಯೇ ಆಕೆಯನ್ನು ಕಂಡರು, ಹತ್ತಿರ ಕರೆದರು, ಮೈಮೇಲೆ ಕೈಯಿಟ್ಟರು. ನೀನು ಮಾಡಿದ ಪಾಪವೇನೆಂದು ಕೇಳಲಿಲ್ಲ. ಅಬ್ರಹಾಮನ ಮಗಳೆಂದು ಎಲ್ಲರೆದುರು ಗೌರವಿಸಿದರು. ಸಬ್ಬತ್ ದಿನ ಗುಣಪಡಿಸಿದ್ದಕ್ಕೆ ಪ್ರಾರ್ಥನಾ ಮಂದಿರದ ಅಧಿಕಾರಿ ಸಿಡಿಮಿಡಿಗೊಂಡಾಗ ಸ್ವಾಮಿ ಕೇಳಿದ್ದೇನು? ನಿಮ್ಮ ಎತ್ತನ್ನು, ಕತ್ತೆಯನ್ನು ಸಬ್ಬತ್ ದಿನವೂ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಎಂದು. ಎತ್ತಿಗೆ ಸಲ್ಲುವ ನೀರು ಮನುಷ್ಯರಿಗೆ ಸಲ್ಲಬಾರದೇ? ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಬೋಧಿಸಿದ್ದು ಈ ಕಾರಣಕ್ಕೇ.

ಗುಣವಾಗದ ಕಾಯಿಲೆಯವರ ಬದುಕೂ ಹಸನಾಗಬಲ್ಲದು. ನೋವಿಗೆ ಔಷಧಿ, ಬಿಗಿದ ಕೀಲುಗಳಿಗೆ ವ್ಯಾಯಾಮ, ಕೂರಲು ತಕ್ಕ ಎತ್ತರದ ಆಸನ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ: ಇವು ಸಣ್ಣವಲ್ಲ. ಅವರೊಡನೆ ಮಾತನಾಡುವಾಗ ನೀವೇ ಕೆಳಗೆ ಕುಳಿತುಕೊಳ್ಳಿ, ಅವರಿಗೆ ನಿಮ್ಮ ಮುಖ ಕಾಣಲಿ. ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವ ಗಳಿಗೆಗೆ ಮೀಸಲಲ್ಲ. ಸಂಕೋಚವಿಲ್ಲದೆ ನಿಮ್ಮ ಗುರುಗಳನ್ನು ಕರೆಯಿರಿ.

ತಾಯಂದಿರೇ, ಒಂದು ಮಾತು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯಲು ಮಾತ್ರ ಶುದ್ಧ ನೀರು ತಂದು, ಮುದ್ದೆಗೂ ಸಾರಿಗೂ ಬಾವಿಯ ನೀರು ಹಾಕಿದರೆ ಪ್ರಯೋಜನ ಅರ್ಧವೇ. ಮಕ್ಕಳಿಗೆ ಹಾಲು, ಸೊಪ್ಪು, ನೆಲ್ಲಿಕಾಯಿ ಕೊಡಿ. ಊರಿನ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿರೆಂದು ಪಂಚಾಯಿತಿಯನ್ನು ಕೇಳಿ. ಶುದ್ಧ ನೀರಿನ ಘಟಕ ಕೆಟ್ಟುನಿಂತರೆ ಸುಮ್ಮನಿರಬೇಡಿ. ಬೆನ್ನು ಬಗ್ಗಿದ ನೆರೆಮನೆಯವರಿಗೆ ಒಂದು ಕ್ಯಾನ್ ಹೊತ್ತು ತಂದುಕೊಡಿ. ಅವರ ಮತ ಕೇಳಬೇಡಿ.

ಆ ವೃದ್ಧರಿಗೆ ಈಗ ಪರಮಪ್ರಸಾದ ಕೊಡುವಾಗ ನಾನು ಮಂಡಿಯೂರುತ್ತೇನೆ. ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಅವರು ನೋಡುವಷ್ಟು ಹೊತ್ತು ಹಿಡಿಯುತ್ತೇನೆ. ನಮಗಾಗಿ ಇಷ್ಟು ಕೆಳಗಿಳಿದು ಬಂದ ದೇವರು ನಮ್ಮನ್ನೂ ಇಳಿಯಲು ಕರೆಯುತ್ತಿದ್ದಾರೆ.

ಪ್ರಭುವೇ, ಬಗ್ಗಿದವರ ಮುಂದೆ ನಾವು ಬಗ್ಗುವಂತೆ ಮಾಡಿ. ನಮ್ಮ ಮಕ್ಕಳು ನೆಟ್ಟಗೆ ನಿಂತು ನಿಮ್ಮನ್ನು ಸ್ತುತಿಸಲಿ. ಆಮೆನ್.