ಅಭ್ಯಾಸದ ಬಂದೂಕು

ದ್ರೋಣಾಚಾರ್ಯರು ಶಿಷ್ಯರ ಪರೀಕ್ಷೆಗೆಂದು ಮರದ ಮೇಲೆ ಇರಿಸಿದ ಹಕ್ಕಿ ಜೀವಂತವಾದುದಲ್ಲ, ಕುಶಲಿಗಳಿಂದ ಮಾಡಿಸಿದ ಕೃತಕ ಪಕ್ಷಿ. ಪಾಠ ಹೇಳುವಾಗ ಈ ಮಾತನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಅರ್ಜುನನ ಏಕಾಗ್ರತೆಯನ್ನು ಹೊಗಳುವ ಭರದಲ್ಲಿ ಅದು ಸಣ್ಣ ಸಂಗತಿಯಾಗಿ ಕಾಣುತ್ತದೆ. ನನಗಾದರೋ ಅದೇ ದೊಡ್ಡ ಸಂಗತಿಯೆಂದು ತೋರುತ್ತದೆ. ಕೊಲ್ಲುವ ವಿದ್ಯೆಯನ್ನು ಕೊಲ್ಲದೆ ಕಲಿಸುವುದು ಹೇಗೆ? ಹಾಗೆ ಕಲಿತದ್ದು ಎಂಥ ವಿದ್ಯೆ?

ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ 1948ರಲ್ಲಿಯೇ ಎನ್.ಸಿ.ಸಿ.ಯ ಕಾಯಿದೆಯೂ ಬಂದಿತು. ಚೀನದೊಡನೆ ನಡೆದ ಯುದ್ಧದ ಮರುವರ್ಷ, 1963ರಲ್ಲಿ, ಅದು ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿ, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಅಲ್ಲಿ ಮಕ್ಕಳ ಕೈಗೆ ಬರುತ್ತ ಬಂದಿರುವ ಬಂದೂಕು ಪಾಯಿಂಟ್ ಟೂ ಟೂ.

ಈ ಬಂದೂಕಿನ ರಚನೆಯಲ್ಲಿಯೇ ಒಂದು ವಿಚಾರ ಅಡಗಿದೆ. ಬ್ರಿಟಿಷ್ ಸೈನ್ಯವು ತನ್ನ ತ್ರೀ ನಾಟ್ ತ್ರೀ ಲೀ-ಎನ್‌ಫೀಲ್ಡ್ ಬಂದೂಕನ್ನೇ ತೆಗೆದುಕೊಂಡು, ನಳಿಗೆಯ ರಂಧ್ರವನ್ನು ಕಿರಿದುಗೊಳಿಸಿ ಅಭ್ಯಾಸಕ್ಕೆ ಒದಗಿಸಿತು. ತೂಕ, ಮರದ ಹಿಡಿ, ಬೋಲ್ಟು, ಗುರಿ ಹಿಡಿಯುವ ಮುಳ್ಳು ಎಲ್ಲವೂ ಯುದ್ಧದ ಬಂದೂಕಿನಂತೆಯೇ. ಕಾಡತೂಸು ಮಾತ್ರ ಬೇರೆ. ದೊಡ್ಡ ಕಾಡತೂಸಿನಲ್ಲಿ ಸಿಡಿಮದ್ದು ಬುಡದ ನಡುವೆ ಇರುತ್ತದೆ. ಇದರಲ್ಲಿ ಬುಡದ ಅಂಚಿನ ಟೊಳ್ಳಿನೊಳಗೆ. ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹೊತ್ತುತ್ತದೆ. ಜಜ್ಜಬೇಕಾದುದರಿಂದ ತಗಡು ತೆಳುವಾಗಿರಲೇಬೇಕು. ತೆಳುವಾದುದು ಹೆಚ್ಚಿನ ಒತ್ತಡವನ್ನು ತಾಳದು. ಆದುದರಿಂದ ಮದ್ದು ಅಲ್ಪ, ಸದ್ದು ಅಲ್ಪ, ಹೆಗಲಿಗೆ ಬೀಳುವ ಒದೆತ ಅಲ್ಪ, ಬೆಲೆಯೂ ಅಲ್ಪ. 1845ರಲ್ಲಿ ಫ್ರಾನ್ಸಿನ ಫ್ಲೋಬೇರ್ ಇಂಥ ಕಾಡತೂಸನ್ನು ಮಾಡಿದ್ದು ಮನೆಯೊಳಗಿನ ಗುರಿಯಾಟಕ್ಕೆ. ಇಂದು ಬಳಕೆಯಲ್ಲಿರುವ ರೂಪ ಅಮೆರಿಕೆಯಲ್ಲಿ 1887ರಲ್ಲಿ ಬಂದಿತು. ಅದರ ಗುಂಡು ಸುಮಾರು 2.6 ಗ್ರಾಂ, ತ್ರೀ ನಾಟ್ ತ್ರೀಯದು 11ಕ್ಕೂ ಮೇಲು.

ಇದು ಕೇವಲ ಶಿಸ್ತಿನ ಪಾಠ, ಗುರಿಯಾಟ ಎಂದು ಕೆಲವರು ಹೇಳುವರು. ಅರ್ಧ ನಿಜ. ತರಗತಿಯಲ್ಲಿ ಒಂದು ಗಳಿಗೆ ಸುಮ್ಮನೆ ಕೂಡದ ಹುಡುಗ ನೆಲಕ್ಕೆ ಮಲಗಿ, ಉಸಿರು ಬಿಗಿಹಿಡಿದು, 25 ಗಜ ದೂರದ ಕಾಗದದ ಮೇಲೆ ಐದು ಗುಂಡುಗಳನ್ನು ಒಂದೆಡೆ ಕೂಡಿಸುವುದು ಸಾಮಾನ್ಯವಲ್ಲ. ಆದರೆ ಬರಿಯ ಆಟವಾಗಿದ್ದರೆ ಯುದ್ಧದ ಬಂದೂಕಿನ ತೂಕವನ್ನೇ ಏಕೆ ಉಳಿಸಿದರು? ಮುಂದೆ ಆ ದೊಡ್ಡ ಬಂದೂಕು ಕೈಗೆ ಬಂದಾಗ ಕೈ ತಡವರಿಸಬಾರದೆಂದು. ಕೈಗೆ ತಿಳಿಸಿದ್ದನ್ನು ಮನಸ್ಸಿಗೆ ತಿಳಿಸದೆ ಬಿಡುವುದು ಗುರುವಿಗೆ ಒಪ್ಪುವ ನಡತೆಯಲ್ಲ ಎಂಬುದೇ ನನ್ನ ಆಕ್ಷೇಪಣೆ.

ಶಸ್ತ್ರವಿಲ್ಲದೆಯೂ ಶಿಸ್ತು ಬರುವುದು. 1923ರಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಆರಂಭಿಸಿದ ಸೇವಾದಳವೇ ಇದಕ್ಕೆ ಸಾಕ್ಷಿ. ಹಾಗೆಂದು ಬಂದೂಕನ್ನೇ ದೂರವಿಡಿರೆಂದು ನಾನು ಹೇಳಲಾರೆ. ಯಾರದೋ ಮನೆಯ ಮಗ ಹಿಮದಲ್ಲಿ ನಿಂತು ಕಾಯುತ್ತಿರುವಾಗ, ನಮ್ಮ ಮಕ್ಕಳ ಕೈ ಮಾತ್ರ ಶುದ್ಧವಾಗಿರಲೆಂಬುದು ಸುಲಭದ ಪುಣ್ಯ.

ಅರ್ಜುನನಿಗೆ ಮರದಲ್ಲಿ ಹಕ್ಕಿಯ ತಲೆಯೊಂದೇ ಕಂಡಿತು. ಕುರುಕ್ಷೇತ್ರದಲ್ಲಿ ಅದೇ ಕಣ್ಣಿಗೆ ಅಜ್ಜ, ಗುರು, ಸೋದರಮಾವ ಎಲ್ಲರೂ ಕಂಡರು, ಬಿಲ್ಲು ಜಾರಿತು. ಅಭ್ಯಾಸವು ನೋಟವನ್ನು ಕಿರಿದುಗೊಳಿಸುತ್ತದೆ. ಅದಿಲ್ಲದೆ ಗುರಿ ಸಾಧಿಸದು. ಆ ನೋಟವನ್ನು ಮತ್ತೆ ಅಗಲಗೊಳಿಸುವ ಹೊಣೆ ಡ್ರಿಲ್ಲಿನ ಮೈದಾನದ್ದಲ್ಲ, ನಮ್ಮದು.

ಆ ಮೈದಾನದಲ್ಲಿಯೂ ಒಂದು ಒಳ್ಳೆಯ ನಿಯಮವುಂಟು: ಖಾಲಿ ಬಂದೂಕನ್ನಾದರೂ ಯಾರ ಕಡೆಗೂ ತಿರುಗಿಸಕೂಡದು. “ಖಾಲಿ ಐತಲ್ಲರೀ ಸರ್, ಏನಾಗತೈತಿ?” ಎಂದು ಹುಡುಗರು ಕೇಳುವುದು ಸಹಜ. ಒಂದು ಗುಂಡು ಉಳಿದಿದ್ದೀತೆಂಬುದು ಮೊದಲ ಉತ್ತರ. ಆ ಸಣ್ಣ ಗುಂಡೂ ಒಂದು ಮೈಲಿಯಾಚೆಗೆ ಹೋಗಬಲ್ಲದು. ಇನ್ನೊಂದು ಉತ್ತರ ದ್ರೋಣನ ಹಕ್ಕಿಯ ಪಾಠ ಬಂದ ದಿನ ಕನ್ನಡದ ತರಗತಿಯಲ್ಲಿ ಹುಡುಗರಿಂದಲೇ ಹೊರಡಬಹುದು. ಆ ಹಕ್ಕಿ ಕೃತಕವಾದುದೆಂದು ಮೊದಲು ಹೇಳಿ, ಅನಂತರ ಕೇಳಿ ನೋಡಬೇಕು.